ತಾನಾಗೇ ಆಗೋ ಮನೆ

ನಮ್ಮ ಮನೇಲಿ ಕೆಲಸ ಅನ್ನೋದನ್ನ ಯಾರೂ ಮಾಡ್ತಿರಲಿಲ್ಲ. ಎಲ್ಲಾ ತಾನಾಗೇ ಆಗ್ತಿತ್ತು. ಹೇಳಿದ್ರೆ ಜನ ನಂಬಲ್ಲ, ಆದ್ರೆ ನಾನು ಕಣ್ಣಾರೆ ಕಂಡಿದೀನಿ. ಬೆಳಗ್ಗೆ ಎದ್ದು ಬಂದ್ರೆ ಟೀ ಆಗಿರ್ತಿತ್ತು. ಸ್ನಾನ ಮುಗಿಸೋ ಹೊತ್ತಿಗೆ ತಿಂಡಿ ಆಗಿರ್ತಿತ್ತು. ಹಿಂದಿನ ದಿನ ಬಿಚ್ಚಿ ಬಿಸಾಕಿದ ಷರ್ಟು ತಾನೇ ಒಗೆದ್ಕೊಂಡು, ಒಣಗಿಸ್ಕೊಂಡು, ನಾಲ್ಕಾಗಿ ಮಡಚ್ಕೊಂಡು ಬೀರು ಹತ್ತಿ ಕೂತಿರ್ತಿತ್ತು. ಷರ್ಟಿಗೆ ಕಾಲಿಲ್ಲ ಅಂತ ನಂಗೂ ಗೊತ್ತು. ಆದ್ರೂ ಹತ್ತುತ್ತಿತ್ತು.

ಮನೇಲಿರೋದು ಐದು ಜನ. ಅಮ್ಮ. ಕನ್ನಡಕದ ಅಂಗಡಿ ನಡೆಸೋ ಅಣ್ಣ. ಯೂನಿವರ್ಸಿಟೀಲಿ ಸಸ್ಯಶಾಸ್ತ್ರ ಪಾಠ ಮಾಡೋ ಅತ್ತಿಗೆ. ಅವರ ಮಗಳು, ಹದಿನಾರು ತುಂಬಿದೆ, ಎದ್ದಾಗಿಂದ ಮಲಗೋವರೆಗೂ ವಾದ ಮಾಡೋದ್ರಿಂದ ಲಾಯರು ಅಂತಾನೇ ಕರೀತೀವಿ. ಐದನೇದು ನಾನು. ಲಿಫ್ಟ್ ರಿಪೇರಿ ನನ್ನ ಕಸುಬು. ಮದುವೆ ಆಗಿಲ್ಲ. ಅದೂ ತಾನಾಗೇ ಆಗುತ್ತೆ ಅಂತ ಕಾದೆ, ನಮ್ಮ ಮನೇಲಿ ಅದೊಂದು ಆಗಲಿಲ್ಲ.

ಅತ್ತಿಗೆಯ ಕೆಲಸದ ಬಗ್ಗೆ ಒಂದು ಮಾತು. ಅವರು ಗೋಡೆ ಮೇಲಿನ ಪಾಚಿ ನೋಡಿ ಆ ಬೀದಿಯ ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳ್ತಾರೆ. ಊರಿನ ಅರ್ಧ ಗೋಡೆಗಳ ಪರಿಚಯ ಇದೆ ಅವರಿಗೆ. ಒಂದ್ಸಲ ಪರೀಕ್ಷೆ ಮಾಡೋಣ ಅಂತ ನನ್ನ ಷೂ ತೋರಿಸಿದೆ. ಅಡಿಯಲ್ಲಿ ಅಂಟಿದ್ದ ಹಸಿರು ನೋಡಿ, “ಆಸ್ಪತ್ರೆ ಹಿಂದಿನ ಹಳೇ ಲಿಫ್ಟಿನ ಗುಂಡಿಗೆ ಇಳಿದಿದ್ಯಾ ಮಾರಾಯ?” ಅಂದ್ರು. ಆವತ್ತಿಂದ ನಾನು ಎಲ್ಲಿಗೆ ಹೋಗಿ ಬಂದ್ರೂ ಷೂ ಬಾಗಿಲಾಚೆ ಬಿಡ್ತೀನಿ.

ಇಂಥ ಅತ್ತಿಗೆ ಪ್ರೊಫೆಸರ್ ಹುದ್ದೆಗೆ ಎರಡು ಸಲ ಹೋಗಿ ಎರಡು ಸಲಾನೂ ವಾಪಸ್ ಬಂದಿದ್ರು. ಈ ಸಲ ಮೂರನೇದು. ಈ ಸಲ ತಪ್ಪಿದ್ರೆ ಆ ಹುದ್ದೆ ಬೇರೆ ವಿಭಾಗದ ಪಾಲು. ಪಾಚಿ ಬೆಳೆಸೋಕೆ ಅಂತ ಅವರಿಗೆ ಕೊಟ್ಟಿರೋ ಮೆಟ್ಟಿಲ ಕೆಳಗಿನ ರೂಮಿಗೆ ಬೀಗ, ಸಂಶೋಧನೆಗೆ ಅಲ್ಲಿಗೆ ಪೂರ್ಣವಿರಾಮ. ಈ ವಿಷಯ ಅತ್ತಿಗೆ ಊಟದ ಹೊತ್ತಿಗೆ ಹೇಳಿದಾಗ ಅಣ್ಣ ಮೂರು ತುತ್ತು ಜಾಸ್ತಿ ಅಗಿದ.

“ಎರಡು ಸಲ ಆಗ್ಲಿಲ್ಲ. ಮತ್ತೆ ಯಾಕೆ ಹೋಗಿ ಮುಖ ಕೆಡಿಸ್ಕೋತೀಯ?” ಅಂದ.

“ಮುಖ ನಂದು. ಕೆಟ್ರೆ ನಾನೇ ತೊಳ್ಕೋತೀನಿ.”

ಅಷ್ಟರಲ್ಲಿ ಫೋನ್ ಬಂತು. ವಿಭಾಗದ ಮುಖ್ಯಸ್ಥರು. ನಮ್ಮನೇಲಿ ಅವರಿಗೆ ಹೆಡ್ಡು ಅಂತೀವಿ. ಒಳ್ಳೇ ಮನುಷ್ಯ. ಯಾರಿಗೂ ಒಂದು ಕೆಟ್ಟ ಮಾತಾಡಿದೋರಲ್ಲ, ಕೆಲಸ ಮಾತ್ರ ಹೇಳ್ತಾರೆ, ಅದೂ ಸರಿಯಾಗಿ ನಾವು ತಟ್ಟೆ ಮುಂದೆ ಕೂತಾಗ.

“ಮೇಡಂ, ಪರೀಕ್ಷೆ ಡ್ಯೂಟಿ ಯಾರ್ಯಾರಿಗೆ ಅಂತ ನೀವೇ ಕೂತು ಹಾಕಿಬಿಡಿ. ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರಿಗೂ ಬರಲ್ಲ.”

“ಆಯ್ತು ಸರ್.”

“ಹಾಗೇ ಹೊಸ ಟೈಮ್‌ಟೇಬಲ್ಲೂ...”

“ಆಯ್ತು ಸರ್.”

ಅತ್ತಿಗೆಯ ಬಾಯಲ್ಲಿ ಈ ಮಾತು ಎರಡು ಥರ ಬರ್ತಿತ್ತು. ಕೆಲಸ ಒಪ್ಕೊಂಡಾಗ ‘ಆಯ್ತು’. ಕೆಲಸ ಮುಗಿದಾಗಲೂ ‘ಆಯ್ತು’. ಎರಡು ‘ಆಯ್ತು’ಗಳ ನಡುವೆ ಒಬ್ಬ ಹೆಂಗಸು ಬೆವರು ಸುರಿಸಿರ್ತಾರಲ್ಲ, ಅವರ ಸುಳಿವೇ ಸಿಗ್ತಿರಲಿಲ್ಲ.

ಆ ವರ್ಷ ಯೂನಿವರ್ಸಿಟಿಯವರು ಒಂದು ಹೊಸ ಪದ್ಧತಿ ತಂದಿದ್ರು. ಪ್ರೊಫೆಸರ್ ಆಗದ ಪ್ರತಿಯೊಬ್ಬ ಮೇಡಂಗೂ ಬೇರೆ ವಿಭಾಗದ ಒಬ್ಬ ಹಿರಿಯರನ್ನ ಜೊತೆ ಮಾಡೋದು. ದಾರಿ ತೋರಿಸೋಕೆ, ತಪ್ಪು ಹೇಳೋಕೆ, ಬೇಕಾದ್ರೆ ಪರವಾಗಿ ಜಗಳ ಆಡೋಕೆ. ಅತ್ತಿಗೆ ಪಾಲಿಗೆ ಬಂದೋರು ಗಣಿತದ ಮೇಡಂ. ನಿವೃತ್ತಿ ಹತ್ತಿರ, ಕಾಲಲ್ಲಿ ಓಟದ ಷೂ, ಮೇಜಿನ ಮೇಲೆ ಒಂದು ಗಂಟೆ. ಹೋಟೆಲಿನ ಕೌಂಟರಲ್ಲಿ ಇಟ್ಟಿರ್ತಾರಲ್ಲ, ತಲೆ ಮೇಲೆ ತಟ್ಟಿದ್ರೆ ಟಿಂಗ್ ಅನ್ನೋದು, ಅದು.

ಮೊದಲ ಭೇಟಿ ಮುಗಿಸ್ಕೊಂಡು ಬಂದ ಅತ್ತಿಗೆ ಚೀಲ ಇಡೋಕೂ ಪುರುಸೊತ್ತಿಲ್ಲದೆ ಹೇಳಿದ್ರು. “ನಿಮ್ಮ ಕೆಲಸದ ಬಗ್ಗೆ ಹೇಳಿ ಅಂದ್ರು. ನಾನು, ‘ಊರೆಲ್ಲಾ ಪಾಚಿ ಸಮೀಕ್ಷೆ ಆಯ್ತು’ ಅಂದೆ. ಟಿಂಗ್! ಯಾಕೆ ಮೇಡಂ ಅಂದೆ. ‘ಆಯ್ತಾ? ತಾನಾಗೇ ಆಯ್ತಾ? ಪಾಚಿನೇ ಎದ್ದು ಬಂದು ಎಣಿಸ್ಕೊಂಡು ಹೋಯ್ತಾ?’ ಅಂತಾರೆ. ‘ಇಲ್ಲ, ಲೇಖನಗಳು ಪ್ರಕಟ ಆಯ್ತು’ ಅಂದೆ. ಟಿಂಗ್!”

“ಒಟ್ಟು ಎಷ್ಟು ಟಿಂಗ್ ಅಮ್ಮಾ?” ಲಾಯರು ಕೇಳಿದ್ಳು.

“ಎಣಿಸಲಿಲ್ಲ. ಹೊರಗೆ ಕೂತಿದ್ದ ಅಟೆಂಡರು ಕರೀತಿದಾರೆ ಅಂತ ಮೂರು ಸಲ ಓಡಿ ಬಂದ.”

ಅಮ್ಮ ಬಟಾಣಿ ಸುಲಿಯೋದು ನಿಲ್ಲಿಸಿದ್ರು. “ಅಲ್ಲ ಕಣೇ, ಆಯ್ತು ಅನ್ನೋದು ಬೈಗುಳಾನಾ? ಹುಟ್ಟಿದಾಗಿಂದ ಅಂತಿದೀನಿ.”

“ಕಮಿಟಿ ಮುಂದೆ ಎರಡು ಸಲಾನೂ ಹೀಗೇ ಹೇಳಿದೀನಂತೆ ಅತ್ತೆ. ಆಯ್ತು, ಬಂತು, ನಡೀತು. ಕೇಳಿದೋರಿಗೆ ಯಾರು ಮಾಡಿದ್ದು ಅಂತ ಹೇಗೆ ಗೊತ್ತಾಗ್ಬೇಕು? ಇನ್ಮೇಲೆ ವಾರಕ್ಕೆರಡು ಸಂಜೆ ಅವರ ಹತ್ರ ಅಭ್ಯಾಸ. ಮಂಗಳವಾರ, ಗುರುವಾರ. ಬರೋದು ತಡ.”

“ಮತ್ತೆ ಊಟ?” ಅಂದ ಅಣ್ಣ.

ಎಲ್ಲರೂ ಅಣ್ಣನ್ನ ನೋಡಿದ್ವಿ. ನಾನೂ ಅದನ್ನೇ ಕೇಳೋನಿದ್ದೆ, ಅವನು ಕೇಳಿದ್ದು ಒಳ್ಳೇದಾಯ್ತು.

ಮೊದಲನೇ ಮಂಗಳವಾರ ಊಟ ತಾನಾಗೇ ಆಗಲಿಲ್ಲ. ಏಳು ಗಂಟೆವರೆಗೆ ಕಾದ್ವಿ. ಅಡುಗೆಮನೆ ಕಡೆಯಿಂದ ಏನೂ ಸದ್ದಿಲ್ಲ. ಒಲೆ ಅಕ್ಕಿ ಡಬ್ಬಿ ನೋಡ್ತಿದೆ, ಅಕ್ಕಿ ಡಬ್ಬಿ ಒಲೆ ನೋಡ್ತಿದೆ, ಎರಡಕ್ಕೂ ಪರಿಚಯ ಮಾಡ್ಸೋರಿಲ್ಲ. ಕೊನೆಗೆ ಅಮ್ಮ ಮಂಡಿ ಹಿಡ್ಕೊಂಡು ಎದ್ದು ಬ್ರೆಡ್ಡು ಮೊಟ್ಟೆ ಮಾಡಿದ್ರು, ಮಾಡ್ತಾ ಮಾಡ್ತಾ ಗಣಿತ ಶಾಸ್ತ್ರವನ್ನ ಬೈದ್ರು.

“ಈ ವಯಸ್ಸಲ್ಲಿ ಇವಳಿಗೆ ಟ್ಯೂಷನ್ನು. ನಮ್ಮ ಕಾಲದಲ್ಲಿ ಗಂಟೆ ಇತ್ತಾ?”

ಅತ್ತಿಗೆ ಬಂದಾಗ ಅಣ್ಣ ಬಾಗಿಲಲ್ಲೇ ಶುರು ಮಾಡಿದ. “ಅಮ್ಮನ ಕೈಲಿ ಅಡುಗೆ ಮಾಡಿಸ್ಬೇಕಾಯ್ತು.”

“ನಿಮ್ಮ ಕೈಗೇನಾಗಿತ್ತು?”

“ನಂಗೆ ಬರುತ್ತಾ?”

“ಲೆನ್ಸು ಕೂದಲಷ್ಟು ಹೆಚ್ಚುಕಮ್ಮಿ ಆಗದ ಹಾಗೆ ಉಜ್ಜೋಕೆ ಬರುತ್ತೆ, ಈರುಳ್ಳಿ ಹೆಚ್ಚೋಕೆ ಬರಲ್ವಾ?”

“ಅಂಗಡಿ ಮುಚ್ಚಿ ಬಂದು ಈರುಳ್ಳಿ ಹೆಚ್ಲಾ?”

“ನಾನೂ ಒಂದು ಅಂಗಡಿ ಮುಚ್ಚೇ ಬರ್ತೀನಿ, ದಿನಾ.”

ನಾನು ಲೈಟು ಸರಿ ಮಾಡೋ ನೆಪದಲ್ಲಿ ಸ್ಟೂಲ್ ಹತ್ತಿದೆ. ಜಗಳದ ಹೊತ್ತಿಗೆ ಎತ್ತರದಲ್ಲಿರೋದು ನನ್ನ ಕಸುಬಿನ ಅಭ್ಯಾಸ.

ಮಾರನೇ ವಾರ ಊಟದ ಹೊತ್ತಿಗೆ ಮತ್ತೆ ಹೆಡ್ಡು ಫೋನು. ಶನಿವಾರ ಹೊರಗಿನಿಂದ ಅತಿಥಿಗಳು ಬರ್ತಾರೆ, ಊಟ ತಿಂಡಿ ರೂಮು ಎಲ್ಲಾ ನೀವೇ ನೋಡ್ಕೊಳಿ ಅಂತ. ಅತ್ತಿಗೆ ಬಾಯಿ ತೆಗೆದ್ರು. “ಆ...” ಅಂತ ಬಂತು. ಉಳಿದರ್ಧ ಗಂಟಲಲ್ಲೇ ನಿಂತ್ಕೊಂತು. ಲಾಯರು ಚಮಚದಿಂದ ಲೋಟಕ್ಕೆ ಸಣ್ಣಗೆ ಒಂದೇಟು ಹಾಕಿದ್ಳು.

“ಆ... ವಾರ ನಂಗೆ ಆಗಲ್ಲ ಸರ್. ಸಂದರ್ಶನಕ್ಕೆ ತಯಾರಿ ಮಾಡ್ತಿದೀನಿ. ಬೇರೆಯವರಿಗೆ ಹೇಳಿ.”

ಹೆಡ್ಡು “ಬೇರೆಯವರು ಅಂದ್ರೆ ಯಾರು ಮೇಡಂ?” ಅಂತ ನಿಜವಾಗ್ಲೂ ಗೊತ್ತಿಲ್ಲದೋರ ಥರ ಕೇಳಿದ್ರು ಪಾಪ. ಫೋನಿಟ್ಟ ಮೇಲೆ ಅತ್ತಿಗೆ ನೀರು ಕುಡಿಯೋಕೆ ಹೋಗಿ ಅಣ್ಣನ ಲೋಟ ಎತ್ಕೊಂಡ್ರು.

ಮಾರನೇ ದಿನ ಹೆಡ್ಡು ಮುಖ ತಿರುಗಿಸ್ಕೊಂಡ್ರಂತೆ. “ಈಗ ಅವರ ಮನಸ್ಸು ಕಹಿ ಆಗಿದೆ, ಕಮಿಟೀಲಿ ಅವರೂ ಕೂತಿರ್ತಾರೆ” ಅಂತ ಅತ್ತಿಗೆ ಗಣಿತದ ಮೇಡಂ ಹತ್ರ ಅತ್ತೇ ಬಿಟ್ರಂತೆ. ಅವರು ಸಮಾಧಾನ ಮಾಡಲಿಲ್ಲ. ಷೂ ಲೇಸು ಬಿಗಿ ಮಾಡ್ಕೊಂಡು, “ನಡೀರಿ, ಡಬ್ಬಿ ತಗೊಳಿ” ಅಂದ್ರಂತೆ. ಗಣಿತ ವಿಭಾಗದ ಪುಟ್ಟ ರೂಮಲ್ಲಿ ಎಲ್ಲಾ ವಿಭಾಗದ ಮೇಡಂಗಳನ್ನ ಮಧ್ಯಾಹ್ನದ ಊಟಕ್ಕೆ ಕೂರಿಸಿದ್ರು. ನೋಡಿದ್ರೆ ಎಲ್ಲರ ಮನೆಗೂ ಊಟದ ಹೊತ್ತಿಗೇ ಫೋನು. ರಸಾಯನಶಾಸ್ತ್ರದವರಿಗೆ ಅತಿಥಿಗಳ ಊಟ, ಇತಿಹಾಸದವರಿಗೆ ಹೂಗುಚ್ಛ, ಒಬ್ಬರಿಗಂತೂ ಅವರ ಹೆಡ್ಡಿನ ಮಗನ ಪ್ರಾಜೆಕ್ಟು. ಎಲ್ಲರೂ ‘ಆಯ್ತು ಸರ್’ಗಳೇ. ತಮಗೊಬ್ಬರಿಗೇ ಹೀಗೆ ಅಂತ ಒಬ್ಬೊಬ್ಬರೂ ಅಂದ್ಕೊಂಡಿದ್ರಂತೆ.

ಡಬ್ಬಿ ತೊಳೆದು ಎಲ್ಲರೂ ನೇರ ಡೀನ್ ಹತ್ರ ಹೋದ್ರು. ಮಾತಾಡಿದ್ದು ಗಣಿತದ ಮೇಡಂ. ಇನ್ಮೇಲೆ ಇಂಥ ಕೆಲಸಗಳೆಲ್ಲ ಸರದಿ ಪ್ರಕಾರ, ಗಂಡಸರು ಹೆಂಗಸರು ಅಂತಿಲ್ಲ. ಸಂಜೆ ನಡೀತಿದ್ದ ವಿಭಾಗದ ಮೀಟಿಂಗು ಮಧ್ಯಾಹ್ನಕ್ಕೆ. ಡೀನ್ ಒಪ್ಪಿದ್ರು. ಬಾಗಿಲ ತುಂಬಾ ಹೆಂಗಸರು ನಿಂತಿದ್ರಲ್ಲ, ಡೀನ್‌ಗೂ ಊಟಕ್ಕೆ ಹೋಗ್ಬೇಕಿತ್ತು.

ಪರೀಕ್ಷೆ ಡ್ಯೂಟಿ ಹಾಕೋ ಮೊದಲ ಸರದಿ ಹೆಡ್ಡಿಗೇ ಬಂತು. ಅವರು ಹಾಕಿದ ಪ್ರಕಾರ ಒಂದು ಹಾಲಲ್ಲಿ ಏಳು ಜನ ಮೇಲ್ವಿಚಾರಕರು ಇದ್ರಂತೆ, ವಿದ್ಯಾರ್ಥಿಗಳು ಇರಲಿಲ್ಲವಂತೆ. ಏಳು ಜನಾನೂ ಮೂರು ಗಂಟೆ ಖಾಲಿ ಬೆಂಚುಗಳ ಮೇಲೆ ಕಣ್ಣಿಟ್ಟಿದ್ರಂತೆ. ಒಂದು ಬೆಂಚೂ ಕಾಪಿ ಹೊಡೀಲಿಲ್ಲ.

ಸಂದರ್ಶನ ಹತ್ತಿರ ಬರ್ತಿದ್ದ ಹಾಗೆ ಮೇಡಂ ಗಂಟೆನ ಅತ್ತಿಗೆ ಕೈಗೆ ಕೊಟ್ಟು ಕಳಿಸಿದ್ರು. ಮನೇಲಿ ಸಡಿಲ ಬಿಟ್ರೆ ಅಲ್ಲೂ ಸಡಿಲ ಆಗುತ್ತೆ ಅಂತ. ಅದನ್ನ ಊಟದ ಮೇಜಿನ ನಡುವೆ, ಉಪ್ಪಿನ ಪಕ್ಕ ಇಟ್ವಿ. ಲಾಯರು ಅದರ ಅಧಿಕಾರ ವಹಿಸ್ಕೊಂಡ್ಳು. ಆಮೇಲೆ ಮನೇಲಿ ಬಾಯಿ ಬಿಡೋ ಹಾಗಿಲ್ಲ.

“ನಂದು ಊಟ ಆಯ್ತು” ಅಂದೆ ನಾನು. ಟಿಂಗ್.

“ಇಸ್ತ್ರಿ ಆಯ್ತಾ?” ಅಂದ ಅಣ್ಣ. ಟಿಂಗ್. “ಇಸ್ತ್ರಿಗೆ ಕೈ ಇದ್ಯಾ ಅಪ್ಪಾ?”

ಅತ್ತಿಗೆ ಮಾತ್ರ ದಿನದಿಂದ ದಿನಕ್ಕೆ ಪಳಗಿದ್ರು. “ಅನ್ನ ನಾನು ಮಾಡಿದೆ. ತರಕಾರಿ ನಿಮ್ಮಮ್ಮ ಹೆಚ್ಚಿದ್ರು, ಒಗ್ಗರಣೆ ನಂದು. ಸಮೀಕ್ಷೆಯ ಯೋಜನೆ ನಾನು ಮಾಡಿದೆ. ಗೋಡೆಗಳ ಕೆಲಸ ನನ್ನ ಇಬ್ಬರು ವಿದ್ಯಾರ್ಥಿನಿಯರ ಜೊತೆ ಮಾಡಿದೆ.” ಜೊತೆಗಿದ್ದೋರನ್ನ ಬಿಡೋ ಹಾಗಿಲ್ಲ, ತನ್ನನ್ನೂ ಬಿಡೋ ಹಾಗಿಲ್ಲ, ಅದು ಮೇಡಂ ಪಾಠ.

ಒಂದು ಭಾನುವಾರ ಅಣ್ಣನಿಗೆ ತಡೆಯಲಿಲ್ಲ. ತಟ್ಟೆ ಪಕ್ಕಕ್ಕೆ ತಳ್ಳಿದ.

“ಸಾಕಪ್ಪಾ ಈ ನಾನು ನಾನು. ಕೇಳೋಕೆ ಎಷ್ಟು ಅಸಹ್ಯ. ನಮ್ಮ ಮನೇಲಿ ಇದು ಇರಲಿಲ್ಲ. ಅಪ್ಪ ಹೋದ್ಮೇಲೆ ಅಂಗಡಿ ಅಷ್ಟು ವರ್ಷ ನಡೀಲಿಲ್ವಾ? ಯಾರಾದ್ರೂ ನಾನು ಅಂದ್ರಾ? ನಡೀತು ಅಷ್ಟೇ.”

ಟಿಂಗ್. “ನಡೀತು ಅಂದ್ರೆ? ಎಲ್ಲಿಗೆ ನಡೀತು?”

“ಏಯ್, ಅಧಿಕಪ್ರಸಂಗ ಬೇಡ. ನಡೀತು ಅಂದ್ರೆ ನಡೀತು.”

“ನಡೀಲಿಲ್ಲ” ಅಂದ್ರು ಅಮ್ಮ.

ಚಮಚ ಕೆಳಗಿಟ್ಟಿದ್ರು. ದನಿ ಏರಿಸಿರಲಿಲ್ಲ.

“ನಾನು ನಡೆಸ್ದೆ. ನೀನು ಸ್ಕೂಲಲ್ಲಿದ್ದೆ. ಇವನು ಬೀದೀಲಿ ಗೋಲಿ ಆಡ್ತಿದ್ದ. ಗಾಜು ಉಜ್ಜೀ ಉಜ್ಜೀ ಈ ಬೆರಳಲ್ಲಿ ಗೆರೆನೇ ಇಲ್ಲ, ನೋಡು. ಫೋನಿನ ಬೀಗ ನನ್ನ ಬೆರಳಿಗೆ ತೆರ್ಕೊಳಲ್ಲ. ಫೋನು ಕೆಟ್ಟಿದೆ ಅಂತ ನೀವಿಬ್ಬರೂ ಎರಡು ಸಲ ರಿಪೇರಿಗೆ ಕೊಟ್ರಿ.”

ನಾವಿಬ್ಬರೂ ಅಮ್ಮನ ಬೆರಳು ನೋಡಿದ್ವಿ. ನುಣ್ಣಗಿತ್ತು, ಲೆನ್ಸಿನ ಹಾಗೆ. ಲಾಯರು ಗಂಟೆ ಮೇಲಿಂದ ಕೈ ತೆಗೆದ್ಳು. ಅತ್ತಿಗೆ ಎದ್ದು ಅಮ್ಮನ ತಟ್ಟೆಗೆ ಇನ್ನೊಂದು ಸ್ವಲ್ಪ ಅನ್ನ ಹಾಕಿದ್ರು.

“ಆ ಗಂಟೆ ಇಲ್ಲಿ ಕೊಡೇ” ಅಂದ್ರು ಅಮ್ಮ ಮೊಮ್ಮಗಳಿಗೆ. “ಇನ್ಮೇಲೆ ನನ್ನ ಹತ್ರ ಇರ್ಲಿ. ಮಂಗಳವಾರ ಗುರುವಾರ ಅಡುಗೆ ನೀನು ಮಾಡ್ತೀಯ ಕಣೋ ದೊಡ್ಡೋನೆ. ಪಾತ್ರೆ ಚಿಕ್ಕೋನು. ಬಟ್ಟೆ ಲಾಯರು. ನಾನು ಕೂತು ಹೇಳ್ತೀನಿ. ಇವಳು ಓದ್ಕೋತಾಳೆ.”

ಅಣ್ಣ ಬಾಯಿ ತೆಗೆದ. “ಆಯ್...”

ಟಿಂಗ್.

“ಮಾಡ್ತೀನಿ” ಅಂದ.

ಅಣ್ಣನ ಅಡುಗೆ ಬಗ್ಗೆ ಹೆಚ್ಚು ಹೇಳಲ್ಲ. ಈರುಳ್ಳಿನ ಭೂತಗನ್ನಡಿ ಇಟ್ಕೊಂಡು ಹೆಚ್ಚುತ್ತಿದ್ದ. ಒಂದೊಂದು ಚೂರೂ ಒಂದೇ ಅಳತೆ, ಕನ್ನಡಕಕ್ಕೇ ಹಾಕ್ಬಹುದಿತ್ತು. ಉಪ್ಪು ಮಾತ್ರ ಕಣ್ಣಂದಾಜು. ಅವನ ಅನ್ನ ಒಂದು ಸಲ ಎಷ್ಟು ಗಟ್ಟಿ ಬಂದಿತ್ತು ಅಂದ್ರೆ ಅದರ ಉಂಡೆ ಇಟ್ಟು ಲಿಫ್ಟಿನ ಬಾಗಿಲು ಮುಚ್ಚದ ಹಾಗೆ ತಡೆದು ಕೆಲಸ ಮಾಡಿದೀನಿ.

ಸಂದರ್ಶನದ ದಿನ ಅಮ್ಮ ಗಂಟೆನ ನನ್ನ ಕೈಗೆ ಕೊಟ್ಟು, “ಯೂನಿವರ್ಸಿಟಿ ಕಡೆ ಹೋಗ್ತೀಯಲ್ಲ, ಆ ಮೇಡಂಗೆ ವಾಪಸ್ ಕೊಡು, ಥ್ಯಾಂಕ್ಸ್ ಹೇಳು” ಅಂದ್ರು. ನಾನು ಆವತ್ತು ಅಲ್ಲಿನ ಲಿಫ್ಟಿನ ಸರ್ವಿಸಿಗೆ ಹೋಗ್ಬೇಕಿತ್ತು. ಬೇಕಂತಲೇ ಆ ದಿನಾನೇ ಇಟ್ಕೊಂಡೆ ಅಂತ ಲಾಯರ ಆರೋಪ. ಸಾಕ್ಷಿ ಇಲ್ಲ.

ಕಮಿಟಿ ರೂಮು ಐದನೇ ಮಹಡೀಲಿ, ಲಿಫ್ಟಿನ ಗೋಡೆಗೆ ಅಂಟ್ಕೊಂಡೇ ಇದೆ. ಲಿಫ್ಟಿನ ಪೆಟ್ಟಿಗೆ ಮೇಲೆ ಕೂತ್ರೆ ಒಳಗಿನ ಮಾತು ರೇಡಿಯೋ ಹಾಗೆ ಕೇಳುತ್ತೆ. ನಾನು ಕೂತಿದ್ದೆ. ಎಣ್ಣೆ ಬಿಡ್ತಿದ್ದೆ, ಬಹಳ ನಿಧಾನಕ್ಕೆ.

ಮೊದಲು ಹೆಡ್ಡು ದನಿ ಬಂತು. “ಆ ಪಾಚಿ ಸಮೀಕ್ಷೆ ನಮ್ಮ ವಿಭಾಗದಲ್ಲೇ ಆಗಿದ್ದು. ಎಲ್ಲರ ಸಹಕಾರದಿಂದ ಆಯ್ತು.”

ಎಣ್ಣೆ ಬಿಡೋದು ನಿಲ್ಲಿಸ್ದೆ.

“ಕ್ಷಮಿಸಿ ಸರ್” ಅಂದ್ರು ಅತ್ತಿಗೆ. “ಆಗಲಿಲ್ಲ. ಮಾಡಿದ್ದು. ಯೋಜನೆ ನಾನು ಮಾಡಿದೆ. ವಿಧಾನ ನಾನು ಕಂಡುಹಿಡಿದೆ. ಮೂರು ವರ್ಷ ಭಾನುವಾರಗಳಲ್ಲಿ ಗೋಡೆ ಗೋಡೆ ಸುತ್ತಿದ್ದು ನಾನು ಮತ್ತು ನನ್ನ ಇಬ್ಬರು ವಿದ್ಯಾರ್ಥಿನಿಯರು. ಅವರ ಹೆಸರು ಲೇಖನದಲ್ಲಿದೆ. ವಿಭಾಗದ ಸಹಕಾರ ಅಂದ್ರೆ, ಮೆಟ್ಟಿಲ ಕೆಳಗಿನ ರೂಮು ಕೊಟ್ರಿ. ಅದಕ್ಕೆ ಥ್ಯಾಂಕ್ಸ್.”

ಯಾರೋ ಕೆಮ್ಮಿದ್ರು. ಅದು ಹೆಡ್ಡೇ ಇರ್ಬೇಕು. ಕೆಮ್ಮಿ, “ಅದು... ನಿಜ. ಮೇಡಮ್ಮೇ ಮಾಡಿದ್ದು” ಅಂದ್ರು. ಹೇಳಿದೆನಲ್ಲ, ಒಳ್ಳೇ ಮನುಷ್ಯ, ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ಆಮೇಲೆ ಪ್ರಶ್ನೆಗಳು. ಅತ್ತಿಗೆ ಒಂದೊಂದಕ್ಕೂ ನೆಟ್ಟಗೆ ಉತ್ತರ ಕೊಟ್ರು. ಕೊನೆಗೆ ಅಧ್ಯಕ್ಷರು, “ಆಯ್ತು ಮೇಡಂ, ಇನ್ನೇನಾದ್ರೂ ಹೇಳೋದಿದ್ಯಾ?” ಅಂದ್ರು.

ನಾನು ಸರಿಯಾಗಿ ಕೇಳಿಸ್ಕೊಳೋಕೆ ಬಗ್ಗಿದೆ. ಮೊಣಕೈ ಚೀಲಕ್ಕೆ ತಗುಲ್ತು. ಚೀಲದಲ್ಲಿ ಗಂಟೆ ಇತ್ತು.

ಟಿಂಗ್.

“ಲಿಫ್ಟು ಬಂತು ಅನ್ಸುತ್ತೆ” ಅಂದ್ರು ಅಧ್ಯಕ್ಷರು.

ಒಳಗೆ ಅತ್ತಿಗೆ ನಕ್ಕಿದ್ದು ಕೇಳಿಸ್ತು. ಹಿಂದಿನ ಎರಡು ಸಲ ಈ ಪ್ರಶ್ನೆಗೆ ‘ಏನಿಲ್ಲ ಸರ್’ ಅಂತ ಎದ್ದು ಬಂದಿದ್ರಂತೆ. ಈ ಸಲ, “ಇದೆ” ಅಂದ್ರು. ಪ್ರೊಫೆಸರ್ ಆದ್ರೆ ಏನೇನು ಮಾಡ್ತೀನಿ, ಯಾರ್ಯಾರನ್ನ ಜೊತೆ ಸೇರಿಸ್ಕೋತೀನಿ ಅಂತ ಹೇಳಿದ್ರು. ಬಹಳ ಹೊತ್ತು ಹೇಳಿದ್ರು. ಕೆಳಗೆ ಲಿಫ್ಟಿಗೆ ಕಾದಿದ್ದ ಜನ ಒಬ್ಬೊಬ್ಬರೇ ಮೆಟ್ಟಿಲು ಹತ್ಕೊಂಡು ಹೋದ್ರು.

ಹೊರಗೆ ಬೆಂಚಿನ ಮೇಲೆ ಗಣಿತದ ಮೇಡಂ ಓಟದ ಷೂ ಹಾಕ್ಕೊಂಡು ಕೂತಿದ್ರು. ಗಂಟೆ ಕೊಟ್ಟೆ. ತಗೊಳಲಿಲ್ಲ. “ಫಲಿತಾಂಶ ಬರೋವರೆಗೆ ನಿಮ್ಮಮ್ಮನ ಹತ್ರಾನೇ ಇರ್ಲಿ” ಅಂದ್ರು. ನನ್ನ ಕೈ ತುಂಬ ಎಣ್ಣೆ ನೋಡಿ, “ನಿಮ್ಮ ಲಿಫ್ಟು ಬಹಳ ವಿದ್ಯಾವಂತ ಲಿಫ್ಟು” ಅಂದ್ರು.

ಶುಕ್ರವಾರ ಮಧ್ಯಾಹ್ನ ಮನೆಗೆ ಫೋನು ಬಂತು. ನಾನು ಊಟಕ್ಕೆ ಬಂದಿದ್ದೆ. ಅಮ್ಮ ಎತ್ತಿದ್ರು. ಅತ್ತಿಗೆ ಏನೂ ಹೇಳೋಕೆ ಮುಂಚೆ, “ಆಯ್ತಾ?” ಅಂದ್ರು.

“ಆಗಲಿಲ್ಲ ಅತ್ತೆ...” ಅಂತ ಕೇಳಿಸ್ತು.

ಅಮ್ಮ ಫೋನು ಇಟ್ಟೇ ಬಿಟ್ರು. ಕೆಟ್ಟ ಸುದ್ದಿನ ಪೂರ್ತಿ ಕೇಳೋ ಅಭ್ಯಾಸ ಅವರಿಗಿಲ್ಲ. ಅತ್ತಿಗೆ ಮತ್ತೆ ಮಾಡಿದ್ರು, ಅಮ್ಮ ಫೋನನ್ನ ದಿಂಬಿನ ಕೆಳಗೆ ತಳ್ಳಿದ್ರು.

“ಅವಳು ಅಳೋದು ನಾನು ಕೇಳಲ್ಲ.”

ನಾನು ಸುದ್ದಿ ಮುಟ್ಟಿಸಿದ ಮೇಲೆ ಅಣ್ಣ ಅಂಗಡಿ ಬಾಗಿಲು ಎಳ್ಕೊಂಡು ಬಂದ. ಲಾಯರು ಬಂದ್ಳು, ಆವತ್ತು ವಾದ ಮಾಡಲಿಲ್ಲ. ಅಣ್ಣ ತೋಳು ಮಡಚ್ಕೊಂಡು ಅಡುಗೆಮನೆಗೆ ಹೋದ. ಅದು ಮಂಗಳವಾರಾನೂ ಅಲ್ಲ, ಗುರುವಾರಾನೂ ಅಲ್ಲ.

“ಇನ್ನೊಂದು ಸಲ ಹೋಗು ಅಂತ ನಾನೇ ಹೇಳ್ತೀನಿ” ಅಂದ ಒಳಗಿಂದ.

“ಹುದ್ದೆನೇ ಇಲ್ವಲ್ಲೋ ಇನ್ನು” ಅಂದೆ.

“ಬೇರೆ ಯೂನಿವರ್ಸಿಟಿ ಇಲ್ವಾ?” ಅಂದ್ರು ಅಮ್ಮ. “ಭೂಮಿ ಮೇಲೆ ಗೋಡೆ ಇರೋ ಕಡೆಯೆಲ್ಲ ಪಾಚಿ ಇದೆ. ಹೋಗ್ತಾಳೆ. ನಾವು ನೋಡ್ಕೋತೀವಿ ಮನೇನ.”

ಅಣ್ಣ ಒಳಗೆ ಮೂಗು ಸೀಟ್ತಿದ್ದ. ಈರುಳ್ಳಿ ಅಂದ. ಈರುಳ್ಳಿ ಬುಟ್ಟೀಲೇ ಇತ್ತು.

ಸಂಜೆ ಬಾಗಿಲು ತೆಗೆದು ಅತ್ತಿಗೆ ಬಂದ್ರು, ಹಿಂದೆ ಗಣಿತದ ಮೇಡಂ. ಇಬ್ಬರ ಮುಖಾನೂ ಹೊಳೀತಿತ್ತು. ನಮ್ಮ ಮುಖಗಳು ನೋಡಿ ಅತ್ತಿಗೆ ಹೊಸ್ತಿಲಲ್ಲೇ ನಿಂತ್ರು.

“ಯಾಕೆ, ಯಾರಿಗೇನಾಯ್ತು? ಫೋನ್ ಯಾಕೆ ಇಟ್ಬಿಟ್ರಿ ಅತ್ತೆ?”

“ಆಗಲಿಲ್ಲ ಅಂದ್ಯಲ್ಲಾ ತಾಯೀ...”

“ಆಗಲಿಲ್ಲ ಅತ್ತೆ, ನಾನು ಗೆದ್ದೆ, ಅಂತ ಹೇಳ್ತಿದ್ದೆ!”

“ಆಯ್ತು ಅಂತ ನೆಟ್ಟಗೆ ಹೇಳೋಕೆ ಏನು ಧಾಡಿ ನಿಂಗೆ?”

“ಗಂಟೆ ನಿಮ್ಮ ಕೈಲಿತ್ತಲ್ಲ! ಪ್ರೊಫೆಸರ್ ಆದ ದಿನಾನೇ ಹೊಡೆಸ್ಕೋಬೇಕಾ?”

ಅಮ್ಮ ದಿಂಬಿನ ಕಡೆ ನೋಡಿದ್ರು, ಸೊಸೆ ಕಡೆ ನೋಡಿದ್ರು. ಎದ್ದು ಹೋಗಿ ಸೊಸೆ ಕೆನ್ನೆನ ಆ ನುಣ್ಣನೆ ಬೆರಳುಗಳಲ್ಲಿ ಹಿಡ್ಕೊಂಡ್ರು. ಲಾಯರು ಕಿರುಚಿದ್ಳು, ಪಕ್ಕದ ಮನೆ ನಾಯಿ ಬೊಗಳ್ತು. ಗಣಿತದ ಮೇಡಂ ಮಾತ್ರ ಮೂಗರಳಿಸಿ, “ಏನೋ ಸೀದ ವಾಸನೆ” ಅಂದ್ರು.

ಅಣ್ಣ ಓಡಿದ. ಪಾತ್ರೆ ತಂದು ಮೇಜಿನ ನಡುವೆ ಇಟ್ಟ. ಅನ್ನ, ತರಕಾರಿ, ತಳ ಯಾವುದು ಎಲ್ಲಿ ಶುರು ಅಂತ ಹೇಳೋಕಾಗ್ತಿರಲಿಲ್ಲ. ಎಲ್ಲರೂ ಬಗ್ಗಿ ನೋಡಿದ್ವಿ. ಅತ್ತಿಗೆ ಪಾಚಿ ನೋಡೋ ಹಾಗೆ ಹತ್ತಿರದಿಂದ ನೋಡಿದ್ರು.

“ಇದೇನ್ರೀ ಇದು?”

ಅಣ್ಣ ಕತ್ತು ತುರಿಸ್ಕೊಂಡ. “ಅದು... ಏನೋ ತಾನಾಗೇ ಹೀಗಾಯ್ತು.”

ಅತ್ತಿಗೆ ಕೈ ಚಾಚಿ, ಉಪ್ಪಿನ ಪಕ್ಕದಲ್ಲಿದ್ದ ಗಂಟೆ ತಲೆ ಮೇಲೆ ಒಂದೇಟು ಹಾಕಿದ್ರು.

“ನಾನು ಸೀಯಿಸ್ದೆ” ಅಂದ ಅಣ್ಣ.

“ಹಾಂ” ಅಂತ ಮೊದಲು ತಟ್ಟೆ ಮುಂದಿಟ್ಟೋರು ಅತ್ತಿಗೆನೇ. ಎಲ್ಲರೂ ತಿಂದ್ವಿ. ಗಣಿತದ ಮೇಡಂ ಎರಡನೇ ಸಲ ಹಾಕಿಸ್ಕೊಂಡ್ರು.

ಆ ಪಾತ್ರೆ ಉಜ್ಜಿದ್ದು ನಾನು. ನಾನು ಹೇಳೋದ್ರಲ್ಲಿ ಜನ ಅರ್ಧಕ್ಕರ್ಧ ಕಳೀತಾರೆ ಅಂತ ಗೊತ್ತು. ಲಿಫ್ಟಿನದು ಕಳೀರಿ, ಬೇಕಾದ್ರೆ ಬೆಂಚುಗಳದ್ದೂ ಕಳೀರಿ. ಇದನ್ನ ಮಾತ್ರ ಕಳೀಬೇಡಿ. ಎರಡು ದಿನ ನೆನೆಸಿಟ್ಟು, ತಂತಿ ಬ್ರಷ್ ತಗೊಂಡು, ಆ ತಳಾನ ಉಜ್ಜಿದ್ದು ನಾನು.